ನಡುವೆ ಹೂವಿಲ್ಲದ ಕೌದಿ

ನಾಲ್ಬೆರಳಮ್ಮನಿಗೆ ಎರಡು ಕೈಯಲ್ಲೂ ಐದೈದು ಬೆರಳು ನೆಟ್ಟಗೇ ಇದ್ದವು. ಬೀದಿಗೆ ಹೊಸದಾಗಿ ಬಂದವರು ಆ ಹೆಸರು ಕೇಳಿದ ಕೂಡಲೇ ಅವಳ ಕೈಯತ್ತ ಕಳ್ಳನೋಟ ಹರಿಸುತ್ತಿದ್ದರು, ಎಣಿಸಿ ಮುಗಿಸಿ ಪೆಚ್ಚಾಗುತ್ತಿದ್ದರು. ಅವಳಿಗೋ ಮೈಯೆಲ್ಲ ಉರಿಯುತ್ತಿತ್ತು. "ಎಣಿಸಿ ಆಯ್ತಾ? ಕಾಲಿಂದೂ ತೋರಿಸ್ಲಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡುತ್ತಿದ್ದಳು. ಆದರೆ ಹೆಸರು ಅಂಟಿಸಿಕೊಂಡದ್ದು ಅವಳೇ ತಾನೇ? ನಲವತ್ತು ವರ್ಷದಿಂದ ಕೌದಿ ಹೊಲಿಯುತ್ತಿದ್ದವಳು ಸ್ಕೇಲು, ಟೇಪು ಯಾವುದನ್ನೂ ನಂಬಿದವಳಲ್ಲ. ಎಡಗೈಯ ನಾಲ್ಕು ಬೆರಳು ಜೋಡಿಸಿ ಬಟ್ಟೆಯ ಮೇಲೆ ಇಡುವುದು, ಪಕ್ಕದಲ್ಲಿ ಚಾಕಿನ ಗೆರೆ ಎಳೆಯುವುದು, ಕತ್ತರಿ ಆಡಿಸುವುದು. ನಾಲ್ಕು ಬೆರಳಗಲದ ಚೌಕ, ಅದರ ಪಕ್ಕ ಇನ್ನೊಂದು ಚೌಕ, ಅದರ ಪಕ್ಕ ಮತ್ತೊಂದು. ಒಂದು ಕೌದಿಗೆ ಏನಿಲ್ಲವೆಂದರೂ ನಾನೂರು ಚೂರು.

ಹರಿದ ಅಂಗಿ, ಬಣ್ಣ ಹೋದ ದಿಂಬಿನ ಚೀಲ, ಮಕ್ಕಳ ಸಮವಸ್ತ್ರ, ಎಲ್ಲವೂ ಆ ನಾಲ್ಕು ಬೆರಳಿನ ಮುಂದೆ ಸಮಾನವಾಗಿದ್ದವು. ಒಂದು ಜಾತಿಯ ಬಟ್ಟೆಯನ್ನು ಮಾತ್ರ ಅವಳು ಹೊಸಿಲು ದಾಟಿಸುತ್ತಿರಲಿಲ್ಲ. ಅದು ದೊಡ್ಡ ಹೂವಿನ ಬಟ್ಟೆ. ಸಣ್ಣ ಚುಕ್ಕಿ, ಸಣ್ಣ ಗೆರೆ, ಸಣ್ಣ ಚೌಕಳಿ ಇವೆಲ್ಲ ಹೇಳಿದ ಮಾತು ಕೇಳುವ ಮಕ್ಕಳು. ಎಲ್ಲಿ ಕತ್ತರಿಸಿದರೂ ತಮ್ಮ ಪಾಡಿಗೆ ತಾವು ಕೂರುತ್ತವೆ. ದೊಡ್ಡ ಹೂವನ್ನು ನಾಲ್ಕು ಬೆರಳಿಗೆ ಕತ್ತರಿಸಿದರೆ ಒಂದು ಚೂರಿನಲ್ಲಿ ಬರೀ ಕೆಂಪು, ಇನ್ನೊಂದರಲ್ಲಿ ತೊಟ್ಟಿನ ತುದಿ, ಮತ್ತೊಂದರಲ್ಲಿ ಏನೆಂದು ಹೆತ್ತವರಿಗೂ ಗುರುತು ಸಿಗದ ಕಲೆ. ಯಾರಾದರೂ ಹಳೆಯ ಪರದೆ ಹಿಡಿದು ಬಂದರೆ, "ಹೂವೋ ಹೂಕೋಸೋ ಇದು? ತಗೊಂಡು ಹೋಗಿ, ಹೋಗಿ" ಎಂದು ಬಾಗಿಲಿಂದಲೇ ಸಾಗಹಾಕುತ್ತಿದ್ದಳು.

ಅಂಥ ಬಟ್ಟೆಯನ್ನು ಒಂದು ದಿನ ಸ್ವತಃ ಅವಳ ಅಕ್ಕನೇ ಕಂಕುಳಲ್ಲಿ ಇಟ್ಟುಕೊಂಡು ಬಂದಳು.

ಅಕ್ಕ ಅವಳಿಗಿಂತ ಎಂಟು ವರ್ಷ ದೊಡ್ಡವಳು. ಮೂವತ್ತಾರು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿ ಆದದ್ದು ಶಾಲೆಯಿಂದ ಮಾತ್ರ, ತಪ್ಪು ತಿದ್ದುವ ಕೆಂಪು ಶಾಯಿ ನಾಲಿಗೆಯಲ್ಲಿ ಹಾಗೇ ಉಳಿದಿತ್ತು. ಇಡೀ ಬೀದಿ ಹೊದ್ದು ಮಲಗುವ ಕೌದಿಗಳಲ್ಲಿ ಒಂದನ್ನಾದರೂ ಅವಳು ಚೆನ್ನಾಗಿದೆ ಅಂದದ್ದಿಲ್ಲ. "ಇಲ್ಲಿ ದಾರ ಸಡಿಲ", "ಈ ಮೂಲೆ ಎಳೆದಿದೆ", "ಬಿಚ್ಚಿ ಹೊಲಿ". ನಲವತ್ತು ವರ್ಷದಿಂದ ಇದೇ ಪಾಠ. ಯಾರು ಎಷ್ಟು ಹೊಗಳಿದರೂ ನಾಲ್ಬೆರಳಮ್ಮನಿಗೆ ಬೇಕಾಗಿದ್ದದ್ದು ಆ ಒಂದು ಬಾಯಿಂದ ಆ ಒಂದು ಮಾತು. ಅರವತ್ತೆರಡರ ಹೆಂಗಸು ಇದಕ್ಕೆಲ್ಲ ಹಪಹಪಿಸುವುದು ನಾಚಿಕೆಗೇಡು ಎಂದು ಅವಳಿಗೂ ಗೊತ್ತಿತ್ತು. ಏನು ಮಾಡುವುದು, ಗೊತ್ತಿದ್ದ ಮಾತ್ರಕ್ಕೆ ಹಪಹಪಿ ಹೋಗುತ್ತದೆಯೇ?

ಅಕ್ಕ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ಹಳದಿ ನೆಲ, ತಿಂಡಿ ತಟ್ಟೆಯಗಲದ ಕೆಂಪು ಹೂವು, ಹೂವಿನ ಹೊಟ್ಟೆಯಲ್ಲಿ ಕಪ್ಪು, ಒಂದು ಹೂವಿನಿಂದ ಇನ್ನೊಂದಕ್ಕೆ ಹರಿದ ಹಸಿರು ಬಳ್ಳಿ. ನಾಲ್ಕು ಗಜದಲ್ಲಿ ಹನ್ನೆರಡು ಹೂವು. ಈ ಬಟ್ಟೆಯನ್ನು ನಾಲ್ಬೆರಳಮ್ಮ ಕತ್ತಲಲ್ಲಿ ಮುಟ್ಟಿದರೂ ಗುರುತಿಸುತ್ತಿದ್ದಳು. ಐವತ್ತು ವರ್ಷದ ಹಿಂದೆ ಅಕ್ಕ ಮೊದಲ ಸಂಬಳದಲ್ಲಿ ತನ್ನ ಕೋಣೆಯ ಕಿಟಕಿಗೆ ಪರದೆ ಮಾಡಿಸಲೆಂದು ಕೊಂಡು ತಂದಿದ್ದಳು. ಪರದೆ ಆಗುವ ಮೊದಲೇ, ಆಗಷ್ಟೇ ಕತ್ತರಿ ಹಿಡಿಯಲು ಕಲಿತಿದ್ದ ಹನ್ನೆರಡು ವರ್ಷದ ತಂಗಿ, ಮೂಲೆಯ ಹೂವಿನ ಒಂದು ದಳವನ್ನು ಕತ್ತರಿಸಿ ತನ್ನ ಬೊಂಬೆಗೆ ಲಂಗ ಮಾಡಿದ್ದಳು. ಅಕ್ಕ ಆವತ್ತು ಊಟ ಬಿಟ್ಟಳು, ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಅಲ್ಲಿಂದಾಚೆಗೆ ನಾಲ್ಕು ಜನ ಸೇರಿದಲ್ಲೆಲ್ಲ, "ಇವಳು ನನ್ನ ಹೂವಿನ ಕತ್ತು ಕೊಯ್ದವಳು" ಎಂದು ತಂಗಿಯನ್ನು ಪರಿಚಯ ಮಾಡಿಕೊಡುತ್ತಿದ್ದಳು.

"ಇದರಲ್ಲಿ ನನಗೊಂದು ಕೌದಿ ಹೊಲಿದುಕೊಡು. ಹೂವು ಹೂವಿನ ಹಾಗೇ ಕಾಣ್ಬೇಕು. ಈ ತಿಂಗಳಲ್ಲೇ ಆಗ್ಬೇಕು" ಎಂದಳು ಅಕ್ಕ.

"ಐವತ್ತು ವರ್ಷ ಪೆಟ್ಟಿಗೇಲಿ ಹುಳ ಹಿಡಿಸ್ಕೊಂಡು ಕೂತಿದ್ದೋಳಿಗೆ ಈಗೇನು ಇಷ್ಟು ಅವಸರ?"

"ಅದೆಲ್ಲ ನಿನಗ್ಯಾಕೆ? ಆಗುತ್ತೋ ಇಲ್ವೋ, ಅಷ್ಟು ಹೇಳು."

ಹೀಗೆ ಹೇಳುವಾಗಲೂ ಅಕ್ಕ ನೋಡುತ್ತಿದ್ದದ್ದು ತಂಗಿಯ ಕಿವಿಯ ಆಚೆಗಿನ ಗೋಡೆಯನ್ನು. ಇತ್ತೀಚೆಗೆ ಇದೊಂದು ಹೊಸ ಚಾಳಿ ಶುರುವಾಗಿತ್ತು. ಮುಖ ಕೊಟ್ಟು ಮಾತಾಡುವುದಿಲ್ಲ, ಎದುರಿಗಿದ್ದವರು ಯಾವ ಲೆಕ್ಕ ಎನ್ನುವ ಹಾಗೆ ಪಕ್ಕಕ್ಕೆ ನೋಡುತ್ತಾಳೆ. ದಿಮಾಕು, ಮತ್ತೇನು! ಆದರೂ ನಾಲ್ಬೆರಳಮ್ಮ ಇಲ್ಲ ಅನ್ನಲಿಲ್ಲ. ಕತ್ತು ಕೊಯ್ದವಳ ಕತ್ತರಿಗೇ ಅಕ್ಕ ಆ ಬಟ್ಟೆಯನ್ನು ತಂದು ಕೊಟ್ಟಿದ್ದಳು, ಇಂಥ ಅವಕಾಶ ಇನ್ನೊಂದು ಸಲ ಬರುವುದಿಲ್ಲ. ಈ ಒಂದನ್ನು ಸರಿಯಾಗಿ ಹೊಲಿದುಬಿಟ್ಟರೆ ಆ ಬಾಯಿ ಚೆನ್ನಾಗಿದೆ ಅನ್ನಲೇಬೇಕು. ಹನ್ನೊಂದು ಇಡೀ ಹೂವು, ಒಂದು ಅಂಗಹೀನ. ಈ ಬಟ್ಟೆ ಇನ್ನು ಯಾವ ಅಂಗಡಿಯಲ್ಲೂ ಹುಟ್ಟುವುದಿಲ್ಲ, ನೇಯ್ದ ಗಿರಣಿಯೇ ಮುಚ್ಚಿ ಕಾಲವಾಗಿತ್ತು. ಒಂದು ತಪ್ಪು ಕತ್ತರಿಸಿದರೆ ಒಂದು ಹೂವು ಹೋಯಿತೆಂದೇ ಲೆಕ್ಕ.

ಇಷ್ಟೆಲ್ಲ ಗೊತ್ತಿದ್ದೂ ಅವಳು ಮಾಡಿದ್ದೇನು? ಬೆಳಿಗ್ಗೆ ಕೂತು, ರೇಡಿಯೋ ಹಾಕಿಕೊಂಡು, ಎಡಗೈ ಇಟ್ಟಳು, ಗೆರೆ ಎಳೆದಳು, ಕತ್ತರಿಸಿದಳು. ನಲವತ್ತು ವರ್ಷದ ಕೈ, ತಲೆಯನ್ನು ಕೇಳಿ ಕೆಲಸ ಮಾಡುತ್ತದೆಯೇ? ರೇಡಿಯೋದಲ್ಲಿ ವಾರ್ತೆ ಮುಗಿಯುವಷ್ಟರಲ್ಲಿ ಎರಡು ಹೂವು ನಾಲ್ಕು ಬೆರಳಿನ ಚೌಕಗಳಾಗಿ ತಟ್ಟೆಯಲ್ಲಿ ಬಿದ್ದಿದ್ದವು. ಜೋಡಿಸಿ ಹೊಲಿದು ಎತ್ತಿ ಹಿಡಿದಳು. ಟೊಮೇಟೊ ಬುಟ್ಟಿಯನ್ನು ಯಾರೋ ಮಹಡಿಯಿಂದ ಬೀಳಿಸಿದ ಹಾಗಿತ್ತು.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ ಅವಳ ಯಜಮಾನರು ಕನ್ನಡಕದ ಮೇಲಿಂದ ಇಣುಕಿದರು. ಅವರು ಒಂದು ಕಾಲದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಕೈ ನಡುಗಲು ಶುರುವಾದ ಮೇಲೆ ಕುಂಚ ಕೆಳಗಿಟ್ಟಿದ್ದರು, ಸಲಹೆ ಕೊಡುವುದನ್ನು ಮಾತ್ರ ಕೆಳಗಿಟ್ಟಿರಲಿಲ್ಲ.

"ಅಲ್ವೇ, ಅಂಗಡಿ ಹೆಸರನ್ನ ಬೆಂಕಿಪೊಟ್ಟಣದ ಮೇಲೆ ಬರೆದರೆ ಯಾರು ಓದ್ತಾರೆ? ದೊಡ್ಡದಕ್ಕೆ ದೊಡ್ಡ ಜಾಗ ಬೇಕು ಕಣೇ. ಸುತ್ತ ಉಸಿರಾಡೋಕೂ ಜಾಗ ಬೇಕು" ಎಂದರು.

"ನೀವು ನಿಮ್ಮ ಪೇಪರ್ ಓದ್ಕೊಳ್ರೀ. ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

ಅವಳಿಗೆ ಸಿಟ್ಟು ಬಂದದ್ದು ಅವರು ತಪ್ಪು ಹೇಳಿದ್ದಕ್ಕಲ್ಲ, ಸರಿ ಹೇಳಿದ್ದಕ್ಕೆ. ಆ ಚೂರುಗಳನ್ನು ಡಬ್ಬಿಯೊಂದರಲ್ಲಿ ತುರುಕಿ ಅಟ್ಟಕ್ಕೆ ಎಸೆದಳು. ಉಳಿದದ್ದು ಒಂಬತ್ತು ಇಡೀ ಹೂವು.

ಎರಡನೆಯ ಸಲ ಅವಳು ಹುಷಾರಾದಳು. ಚಪ್ಪಲಿ ಡಬ್ಬಿಯ ರಟ್ಟಿನಲ್ಲಿ ಒಂದು ಚೌಕ ಕಿಂಡಿ ಕೊರೆದು, ಆ ರಟ್ಟನ್ನು ಬಟ್ಟೆಯ ಮೇಲೆ ಸರಿಸುತ್ತ ಕೂತಳು. ಕಿಂಡಿಯಲ್ಲಿ ಏನು ಕಾಣುತ್ತದೋ ಅದೇ ನಾಳೆ ಕೌದಿಯಲ್ಲಿ ಕಾಣುವುದು. ಮೇಲೆ ಸರಿಸಿದರೆ ಬಳ್ಳಿ ಬರುತ್ತಿತ್ತು, ದಳ ಹೋಗುತ್ತಿತ್ತು. ಕೆಳಗೆ ಸರಿಸಿದರೆ ದಳ ಬಂದು ಬಳ್ಳಿಯ ಕತ್ತು ಮುರಿಯುತ್ತಿತ್ತು. ಅರ್ಧ ದಿನ ಹೀಗೆ ರಟ್ಟಿನ ಜತೆ ಜಗಳ ಆಡಿ, ಬೆನ್ನು ಹಿಡಿದುಕೊಂಡು, ಕೊನೆಗೆ ಹೂವು ಕಿಂಡಿಯ ನಟ್ಟನಡುವೆ ಬಂದು ಕೂತಾಗ ಗೆರೆ ಎಳೆದಳು. ಸುತ್ತ ನಾಲ್ಕು ಕಡೆ ಹಸಿರು ಪಟ್ಟಿ ಕಟ್ಟಿದಳು. ಚೌಕಟ್ಟು ಹಾಕಿದ ಪಟದ ಹಾಗೆ ಬಂತು. ನೋಡಿದರೆ ದೃಷ್ಟಿಯಾಗಬೇಕು, ಅಷ್ಟು ಚೆಂದ.

ಅಕ್ಕನ ಮನೆ ಎರಡು ಬೀದಿ ಆಚೆ, ಇಪ್ಪತ್ತೆರಡು ಮೆಟ್ಟಿಲು ಮೇಲೆ. ಏದುಸಿರು ಬಿಡುತ್ತ ಹತ್ತಿ, ಚೌಕವನ್ನು ಅಕ್ಕನ ತೊಡೆಯ ಮೇಲೆ ಇಟ್ಟು, ಸೆಟೆದು ನಿಂತಳು.

ಅಕ್ಕ ಅದನ್ನು ಹತ್ತಿರ ತಂದಳು, ದೂರ ಹಿಡಿದಳು, ಬೆರಳಾಡಿಸಿದಳು. "ಹಸಿರು ಪಟ್ಟಿ ಕಾಣುತ್ತೆ. ಹೂವು ಎದ್ದು ಕಾಣಲ್ಲ. ನಡು ಸರಿಯಾಗಿಲ್ಲ ಕಣೇ" ಎಂದಳು.

"ಸರಿಯಾಗಿಲ್ವಾ? ಕೂದಲೆಳೆ ಆಚೀಚೆ ಇಲ್ಲ, ನಡುವಿಗೇ ಇದೆ!"

"ಇರಬಹುದು. ಕಾಣಲ್ಲ."

ಇರಬಹುದಂತೆ! ನಾಲ್ಬೆರಳಮ್ಮ ಹಲ್ಲು ಕಚ್ಚಿಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿದಳು. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಸಂದಾಯವಾಯಿತು. ಮನೆಗೆ ಬಂದು ಯೋಚಿಸಿದಳು. ಹೂವು ಎದ್ದು ಕಾಣಲ್ಲ ಅಂದರೆ ಪಟ್ಟಿ ಜಾಸ್ತಿಯಾಯಿತು ಅಂತಲೋ ಏನೋ. ಸರಿ, ಪಟ್ಟಿಯೇ ಬೇಡ. ಇನ್ನೊಂದು ಹೂವನ್ನು ತೆಗೆದುಕೊಂಡು ಅದರ ಅಂಚಿಗೇ ಹತ್ತಿ ಕತ್ತರಿಸಿದಳು. ಚೌಕದ ತುಂಬ ಹೂವೇ ಹೂವು, ದಳಗಳ ತುದಿ ಹೊಲಿಗೆಯೊಳಗೆ ಹೋಗುವಷ್ಟು. ಮತ್ತೆ ಇಪ್ಪತ್ತೆರಡು ಮೆಟ್ಟಿಲು.

"ಇದೇನಿದು, ಬರೀ ಕೆಂಪು ಮಂಕು" ಎಂದಳು ಅಕ್ಕ. "ಮೊದಲಿಂದೇ ವಾಸಿ ಇತ್ತು."

ಅಷ್ಟು ಸಾಕಾಯಿತು. ನಲವತ್ತು ವರ್ಷದ್ದು ಒಂದೇ ಸಲ ಬಾಯಿಗೆ ಬಂತು. "ನಿನ್ನ ಕಣ್ಣೇನು ಕಿತ್ತುಕೊಂಡು ಹೋಗಿದೆಯಾ? ಇಷ್ಟು ದೊಡ್ಡ ಹೂವು ಕಾಣಲ್ವಾ? ನಾನು ಏನು ಮಾಡಿದ್ರೂ ನಿನಗೆ ಸರಿಯಿಲ್ಲ. ಬೇಕೂಂತಲೇ ಮಾಡ್ತೀಯ ನೀನು. ಒಂದು ದಳ ಕತ್ತರಿಸಿದ್ದಕ್ಕೆ ಐವತ್ತು ವರ್ಷದಿಂದ ನನ್ನ ಜೀವ ಹಿಂಡ್ತಾ ಇದ್ದೀಯ!"

ಅಕ್ಕ ತಿರುಗಿ ಬೈಯಲಿಲ್ಲ. ಇದೇ ವಿಚಿತ್ರ. ಗೋಡೆಯತ್ತ ನೋಡುತ್ತ, "ಬಟ್ಟೆ ವಾಪಸ್ ತಂದುಕೊಡು. ಕೌದಿ ಬೇಡ" ಎಂದಳು ಅಷ್ಟೇ.

ನಾಲ್ಕು ದಿನ ನಾಲ್ಬೆರಳಮ್ಮ ಮನೆಯಲ್ಲಿ ಪಾತ್ರೆ ಕುಕ್ಕಿದಳು, ಬಾಗಿಲು ದಡಾರನೆ ಹಾಕಿದಳು. ಯಜಮಾನರು ಪೇಪರಿನ ಹಿಂದೆ ಅಡಗಿ ಕಾಲ ಕಳೆದರು. ಐದನೆಯ ದಿನ ಅವಳು ಉಳಿದ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿದಳು. ಏಳು ಇಡೀ ಹೂವು, ಒಂದು ಅಂಗಹೀನ. ತಗೋ ನಿನ್ನ ಹೂವು, ಇನ್ನು ನನ್ನ ಮನೆಗೆ ಬರಬೇಡ ಎಂದು ಮುಖಕ್ಕೆ ಎಸೆದು ಬರುವುದೇ ಸರಿ. ಮೆಟ್ಟಿಲು ಹತ್ತುತ್ತ ಈ ಮಾತನ್ನು ನಾಲ್ಕು ಸಲ ಬಾಯಿಪಾಠ ಮಾಡಿದಳು.

ಬಾಗಿಲು ತೆರೆದೇ ಇತ್ತು. ಅಕ್ಕನ ಮಗಳು ಅಂಚೆ ಕಚೇರಿಗೆ ಕೆಲಸಕ್ಕೆ ಹೋಗಿದ್ದಳು. ಅಕ್ಕ ಒಬ್ಬಳೇ ಮೇಜಿನ ಮುಂದೆ ಕೂತಿದ್ದಳು. ಉಸಿರು ಸಿಗದೆ ನಾಲ್ಬೆರಳಮ್ಮ ಹೊಸಿಲ ಮೇಲೆ ನಿಂತುಬಿಟ್ಟಳು. ಉಸಿರು ಸಿಕ್ಕ ಮೇಲೂ ಬಾಯಿ ಬಿಡಲಿಲ್ಲ. ಮೊದಲು ಅವಳೇ ಮಾತಾಡಲಿ, ನನಗೇನು ಗರಜು?

ಅಕ್ಕ ತಲೆಯೆತ್ತಿ ನೇರವಾಗಿ ಅವಳ ಮುಖವನ್ನೇ ನೋಡಿದಳು. "ಯಾರು? ಗ್ಯಾಸಿನವರಾ? ಮಗಳು ಮನೇಲಿಲ್ಲಪ್ಪ, ಸಾಯಂಕಾಲ ಬನ್ನಿ" ಎಂದಳು.

ಎಸೆಯಲೆಂದು ಎತ್ತಿದ್ದ ಚೀಲ ನಾಲ್ಬೆರಳಮ್ಮನ ಕೈಯಲ್ಲೇ ಉಳಿಯಿತು. ಅಕ್ಕ ಉತ್ತರ ಬಾರದ್ದಕ್ಕೆ ಹುಬ್ಬು ಗಂಟಿಕ್ಕಿ, ಕತ್ತು ಓರೆ ಮಾಡಿ, ಬಾಗಿಲ ಚೌಕಟ್ಟಿನ ಕಡೆ ನೋಡಿದಳು. ಕೂಡಲೇ ಮುಖ ಸಡಿಲವಾಯಿತು. "ಓ, ನೀನಾ! ಬಾಯಿ ಬಿದ್ದುಹೋಗಿದೆಯಾ? ಬಂದೋಳು ಮಾತಾಡಬಾರದಾ?"

ನೇರ ನೋಡಿದಾಗ ಕಾಣದವಳು ಪಕ್ಕ ನೋಡಿದಾಗ ಕಂಡಳು. ದಿಮಾಕು ಎಂದುಕೊಂಡದ್ದು, ಗೋಡೆ ನೋಡುವ ಚಾಳಿ, ಪೇಪರಿನಲ್ಲಿ ಈಗ ಓದುವಂಥದ್ದೇನೂ ಬರುವುದಿಲ್ಲ ಎಂದು ಅಕ್ಕ ಪೇಪರ್ ತರಿಸುವುದನ್ನು ನಿಲ್ಲಿಸಿದ್ದು, ನಡು ಸರಿಯಿಲ್ಲ ಅಂದದ್ದು, ಎಲ್ಲ ಒಂದರ ಹಿಂದೊಂದು ನಾಲ್ಬೆರಳಮ್ಮನ ತಲೆಗೆ ಬಂದು ಬಡಿಯಿತು. ತಾನೇ ಆಡಿದ ಮಾತು ಎಲ್ಲಕ್ಕಿಂತ ಜೋರಾಗಿ ಬಡಿಯಿತು. ಕಣ್ಣೇನು ಕಿತ್ತುಕೊಂಡು ಹೋಗಿದೆಯಾ ಅಂದಿದ್ದಳಲ್ಲ! ನಾಲಿಗೆಯನ್ನು ಅಲ್ಲೇ ಕಿತ್ತು ಬಿಸಾಡಬೇಕು ಅನ್ನಿಸಿತು ಅವಳಿಗೆ.

"ಯಾವಾಗಿಂದ ಅಕ್ಕಾ?" ಎಂದಳು.

"ಯಾವಾಗಿಂದ ಏನು?"

"ನನ್ನ ಹತ್ತಿರ ಆಟ ಆಡಬೇಡ. ಕಣ್ಣು ಯಾವಾಗಿಂದ ಹೀಗೆ?"

ಅಕ್ಕ ಮೇಜನ್ನು ಸವರಿದಳು. "ಹೋದ ವರ್ಷದಿಂದ. ನಟ್ಟನಡುವೆ ಒಂದು ಹೊಗೆ ಕೂತಿದೆ. ಎಲ್ಲಿ ನೋಡ್ತೀನೋ ಅಲ್ಲೇ ಇರುತ್ತೆ. ಸುತ್ತ ಇರೋದು ಕಾಣುತ್ತೆ. ಡಾಕ್ಟರು ಸುತ್ತಿಂದು ಉಳಿಯುತ್ತೆ, ನಡುವಿಂದು ಇನ್ನೂ ಅಗಲ ಆಗಬಹುದು ಅಂದ್ರು. ಅದಕ್ಕೇ ಅವಸರ ಮಾಡಿದ್ದು. ಹೊಗೆ ಅಗಲ ಆಗೋ ಮೊದಲು ಆ ಹೂವುಗಳನ್ನ ಹೊರಗೆ ತೆಗೆದು ಕಣ್ತುಂಬ ನೋಡಬೇಕು ಅನ್ನಿಸ್ತು. ಐವತ್ತು ವರ್ಷ ಪೆಟ್ಟಿಗೇಲಿ ಇಟ್ಟು ಏನು ಸಾಧಿಸಿದೆ ನಾನು?"

"ನನಗ್ಯಾಕೆ ಹೇಳಲಿಲ್ಲ?"

"ನಿನಗೆ ಹೇಳೋದೂ ಒಂದೇ, ಮೈಕು ಕಟ್ಟಿ ಸಾರೋದೂ ಒಂದೇ. ಮೂವತ್ತಾರು ವರ್ಷ ಮಕ್ಕಳಿಗೆ ಓದು ಕಲಿಸಿದವಳು ನಾನು. ಅಯ್ಯೋ ಪಾಪ ಅಂತ ಬೀದಿಯೋರೆಲ್ಲ ನನ್ನ ಕೈ ಹಿಡಿದು ರಸ್ತೆ ದಾಟಿಸೋದು ನನಗೆ ಬೇಡ."

ಮೈಕಿನ ಮಾತು ನಿಜವೇ ಆಗಿತ್ತು, ಆದ್ದರಿಂದ ನಾಲ್ಬೆರಳಮ್ಮನಿಗೆ ಅಳುವಿನ ಮಧ್ಯೆಯೂ ರೇಗಿತು. ಅವಳು ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಅಕ್ಕನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. "ನನ್ನ ಮೂಗು ನೋಡು. ಏನು ಕಾಣುತ್ತೆ?"

"ನಿನ್ನ ಕಿವಿ. ಎರಡೂ ಓಲೆ. ತಲೆ ಬಾಚಿಲ್ಲ ನೀನು."

"ಮೂಗು?"

"ಇಲ್ಲ. ಹೋದರೆ ಹೋಗಲಿ, ಅಂಥ ಚೆಂದದ್ದೇನಲ್ಲ."

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ನಾಲ್ಬೆರಳಮ್ಮ ಎದ್ದು ಗೋಡೆಯ ಹತ್ತಿರ ಹೋಗಿದ್ದಳು. ಅಲ್ಲಿ ಕ್ಯಾಲೆಂಡರ್ ನೇತುಹಾಕುವ ಒಂದು ಮೊಳೆ ಇತ್ತು. ಕ್ಯಾಲೆಂಡರನ್ನು ತೆಗೆದು, ಅಕ್ಕನನ್ನು ಮೂರು ಹೆಜ್ಜೆ ದೂರದಲ್ಲಿ ಕೂರಿಸಿದಳು. "ಮೊಳೆ ಇರೋ ಕಡೆಗೇ ಕಣ್ಣಿಡು. ಕಾಣದಿದ್ದರೂ ಅಲ್ಲೇ ಇಡು. ಆಚೀಚೆ ಕದ್ದು ನೋಡಿದ್ರೆ ನೋಡು ಮತ್ತೆ!" ಎಂದು ಗದರಿಸಿ, ಚೀಲದಿಂದ ಚಾಕ್ ತೆಗೆದು ಮೊಳೆಯ ಬುಡದಿಂದ ಬಲಕ್ಕೆ ನಿಧಾನವಾಗಿ ಸರಿಸತೊಡಗಿದಳು. ಒಂದು ಗೇಣು ದಾಟಿದ ಮೇಲೆ ಅಕ್ಕ, "ಹಾಂ, ಈಗ ಏನೋ ಬೆಳ್ಳಗೆ ಬಂತು" ಎಂದಳು. ಅಲ್ಲೊಂದು ಗುರುತು. ಎಡಕ್ಕೆ, ಮೇಲಕ್ಕೆ, ಕೆಳಕ್ಕೆ ಹಾಗೇ. ಬಾಡಿಗೆ ಮನೆಯ ಗೋಡೆ ಗಬ್ಬೆದ್ದು ಹೋಗುತ್ತದೆ ಎಂದು ಅಕ್ಕ ಗೊಣಗುತ್ತಲೇ ಇದ್ದಳು. ನಾಲ್ಕು ಗುರುತು ಆದ ಮೇಲೆ ನಾಲ್ಬೆರಳಮ್ಮ ಎಡಗೈ ಬೆರಳು ಜೋಡಿಸಿ ಗೋಡೆಯ ಮೇಲೆ ಇಟ್ಟು ಅಳೆದಳು. ಅಕ್ಕನ ಹೊಗೆ ಆರು ಸಲ ನಾಲ್ಕು ಬೆರಳು ಅಗಲ, ಆರು ಸಲ ನಾಲ್ಕು ಬೆರಳು ಉದ್ದ. ಇಷ್ಟು ದಿನ ಅವಳು ಪಟ್ಟುಬಿಡದೆ ಹೂವನ್ನು ತಂದು ಕೂರಿಸುತ್ತಿದ್ದದ್ದು ಸರಿಯಾಗಿ ಆ ಹೊಗೆಯೊಳಗೆ.

"ಯಾರಿಗೂ ಹೇಳಕೂಡದು. ನಿನ್ನ ಯಜಮಾನರಿಗೂ" ಎಂದಳು ಅಕ್ಕ.

"ಹೇಳಲ್ಲ" ಎಂದಳು ನಾಲ್ಬೆರಳಮ್ಮ. ಅವಳ ಜೀವಮಾನದಲ್ಲಿ ಇಂಥ ಮಾತು ಕೊಟ್ಟದ್ದೂ ಅದೇ ಮೊದಲು, ಉಳಿಸಿಕೊಂಡದ್ದೂ ಅದೇ ಮೊದಲು.

ಮನೆಗೆ ಬಂದವಳೇ ಬಟ್ಟೆ ಹಾಸಿದಳು. ಒಂಬತ್ತು ಚೌಕದ ಕೌದಿ, ಮೂರು ಸಾಲು, ಸಾಲಿಗೆ ಮೂರು. ಸುತ್ತಿನ ಎಂಟರಲ್ಲಿ ಎಂಟು ಹೂವು, ನಡುವಿನ ಒಂದು ಖಾಲಿ, ಬರೀ ಹಳದಿ. ಚೌಕ ಆರು ಸಲ ನಾಲ್ಕು ಬೆರಳು ಇದ್ದರೆ ಸಾಕಾಗಿತ್ತು. ಅವಳು ಏಳು ಇಟ್ಟಳು, ಹೊಗೆ ಇನ್ನಷ್ಟು ಬೆಳೆದರೂ ಅದಕ್ಕೊಂದು ಜಾಗವಿರಲಿ ಎಂದು. ಇಷ್ಟು ದೊಡ್ಡ ಚೌಕವನ್ನು ಅವಳು ಹುಟ್ಟಿದಾಗಿನಿಂದ ಕತ್ತರಿಸಿರಲಿಲ್ಲ. ಹೂವು ಇಡಿಯಾಗಿ ಬಂತು, ಸುತ್ತ ಹಳದಿ ನೆಲ ಬಂತು, ಬಳ್ಳಿ ಒಂದು ಚೌಕದಿಂದ ಇನ್ನೊಂದಕ್ಕೆ ತಾನಾಗಿ ಹರಿಯಿತು. ದೊಡ್ಡ ಹೂವಿಗೆ ಬೇಕಾಗಿದ್ದದ್ದು ಇಷ್ಟೇ ಜಾಗ, ಕತ್ತರಿ ಸುಮ್ಮನಿರಬೇಕಾಗಿತ್ತು. ಯಜಮಾನರು ಮೊದಲೇ ಹೇಳಿದ್ದರು. ಅದನ್ನು ಅವರ ಮುಂದೆ ಒಪ್ಪಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ.

ಎಂಟನೆಯ ಹೂವು ಅಂಗಹೀನವೇ ಆಗಬೇಕಾಯಿತು, ಬೇರೆ ಇರಲಿಲ್ಲ. ಅಟ್ಟದ ಡಬ್ಬಿ ಇಳಿಸಿ, ನಾಲ್ಕು ಬೆರಳಿನ ಚೂರುಗಳನ್ನೆಲ್ಲ ನೆಲಕ್ಕೆ ಸುರಿದು, ಒಂದು ದಳ ಆಗುವಷ್ಟು ಕೆಂಪು ಹುಡುಕಿ ತೇಪೆ ಹಾಕಿದಳು. ಎರಡು ಸಲ ಬಿಚ್ಚಿ ಮೂರನೆಯ ಸಲ ಹೊಲಿದರೂ ದಳ ಅರ್ಧ ಬೆರಳಿನಷ್ಟು ವಾರೆಯಾಗಿಯೇ ಕೂತಿತು. ಅದನ್ನು ಬಲಗಡೆಯ ಕೆಳಮೂಲೆಗೆ ಹಾಕಿದಳು, ಕಣ್ಣಿಗೆ ಬೀಳದಿರಲಿ ಎಂದು.

ನಡುವಿನ ಖಾಲಿ ಚೌಕ ಮಾತ್ರ ಅವಳ ಪ್ರಾಣ ತಿಂದಿತು. ಹಸಿರು ಪಟ್ಟಿ ಕಟ್ಟಿದ ಆ ಮೊದಲ ಹೂವು ಹೊಲಿಗೆ ಪೆಟ್ಟಿಗೆಯಲ್ಲಿ ಹಾಗೇ ಕೂತಿತ್ತು, ಅದನ್ನು ತೆಗೆದು ನಡುವೆ ಇಡಲು ಕೈ ತುರಿಸುತ್ತಿತ್ತು. ಸಾಲದ್ದಕ್ಕೆ ಯಜಮಾನರು ದಿನಾ ಒಂದು ಸುತ್ತು ಬಂದು ಹೋಗುತ್ತಿದ್ದರು. "ಏನೇ ಇದು, ಬೋರ್ಡಲ್ಲಿ ಸುತ್ತ ಬಳ್ಳಿ ಬಿಡಿಸಿ ಅಂಗಡಿ ಹೆಸರೇ ಬರೀದಂಗಿದೆ. ನಡುವೆ ಒಂದು ಹೂವು ಹಾಕೇ."

"ಹಾಕಲ್ಲ."

"ಯಾಕೆ?"

"ನನ್ನಿಷ್ಟ."

ಅಂಚು ಕಟ್ಟಿ, ತೊಳೆದು, ಮನೆಯ ಮುಂದಿನ ತಂತಿಯ ಮೇಲೆ ಬಿಸಿಲಿಗೆ ಹಾಕಿದ ದಿನ ಬೀದಿಯ ಹೆಂಗಸರೆಲ್ಲ ಬಂದು ನಿಂತರು. ಮೂಲೆಮನೆಯಾಕೆ ಗಲ್ಲಕ್ಕೆ ಬೆರಳಿಟ್ಟುಕೊಂಡು, "ಅಯ್ಯೋ, ಬಟ್ಟೆ ಸಾಲಲಿಲ್ವಾ ನಾಲ್ಬೆರಳಮ್ಮಾ? ಕೇಳಿದ್ರೆ ನಾನೇ ಒಂದು ಚೂರು ಕೊಡ್ತಿದ್ದೆ" ಎಂದಳು. ಇನ್ನೊಬ್ಬಳು, ವಯಸ್ಸಾಯ್ತಲ್ಲ, ಮರೆವು ಎಂದು ಪಿಸುಗುಟ್ಟಿದಳು, ಅದೂ ಸಾಕಷ್ಟು ಜೋರಾಗಿ. ನಲವತ್ತು ವರ್ಷದ ಹೆಸರು ತಂತಿಯ ಮೇಲೆ ನೇತಾಡುತ್ತಿತ್ತು. ಒಂದೇ ಒಂದು ಮಾತು ಹೇಳಿದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದು ನಿಂತಿತ್ತು. "ಹೂಂ, ಸಾಲಲಿಲ್ಲ. ಈಗೇನಾಯ್ತು?" ಎಂದಳು ನಾಲ್ಬೆರಳಮ್ಮ, ಕೌದಿ ಮಡಚಿ ಒಳಗೆ ಹೋದಳು. ಒಳಗೆ ಹೋಗಿ ಒಂದು ಚೊಂಬು ನೀರು ಗಟಗಟ ಕುಡಿದಳು.

ಮರುದಿನ ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಅಕ್ಕನ ಗೋಡೆಯ ಮೇಲೆ, ಚಾಕಿನ ಗುರುತುಗಳು ಇನ್ನೂ ಅಳಿಸಿರದ ಆ ಜಾಗದಲ್ಲೇ ಕೌದಿಯನ್ನು ತೂಗುಹಾಕಿದಳು. ಖಾಲಿ ಚೌಕ ಸರಿಯಾಗಿ ಮೊಳೆಯ ಜಾಗಕ್ಕೆ ಬಂತು. ಅಕ್ಕನನ್ನು ಮೂರು ಹೆಜ್ಜೆ ಹಿಂದೆ ನಿಲ್ಲಿಸಿದಳು. "ನಡುವೆ ನೋಡು. ನೇರ ನೋಡು. ಕತ್ತು ವಾರೆ ಮಾಡಬೇಡ."

ಅಕ್ಕ ನೋಡಿದಳು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ನಾಲ್ಬೆರಳಮ್ಮನಿಗೆ ತಡೆಯಲಾಗಲಿಲ್ಲ. ಕಾಣುತ್ತಿಲ್ಲವೇ? ಅಳತೆ ತಪ್ಪಿತೇ? ಹೊಗೆ ಈ ಮೂರು ವಾರದಲ್ಲೇ ಬೆಳೆದುಬಿಟ್ಟಿತೇ? ಬಟ್ಟೆ ಮುಗಿದಿತ್ತು, ಇನ್ನೊಂದು ಸಲ ಹೊಲಿಯಲು ಹೂವು ಇರಲಿಲ್ಲ. ಚೆನ್ನಾಗಿದೆ ಅನ್ನುವುದೇ ಬೇಡ, ಕಾಣುತ್ತೆ ಅಂದುಬಿಡಲಿ ಸಾಕು ಎಂದು ಬೇಡಿಕೊಂಡಳು.

"ಎಂಟು" ಎಂದಳು ಅಕ್ಕ ಕೊನೆಗೆ. ಕತ್ತು ಅಲ್ಲಾಡಿಸಿರಲಿಲ್ಲ, ಕಣ್ಣು ನಡುವಿನಿಂದ ಕದಲಿರಲಿಲ್ಲ. ಆಮೇಲೆ ಅವಳ ಹುಬ್ಬು ಗಂಟಾಯಿತು. "ಬಲಗಡೆ ಕೆಳಮೂಲೇದು, ಆ ಹೂವಿನ ಒಂದು ದಳ ವಾರೆ ಇದೆ."

ನಾಲ್ಬೆರಳಮ್ಮ ಅಕ್ಕನ ಪಕ್ಕಕ್ಕೆ ಬಂದಳು. "ಏನಂದೆ?"

"ದಳ ವಾರೆ ಇದೆ ಅಂದೆ. ಬೊಂಬೆ ಲಂಗಕ್ಕೆ ಕತ್ತರಿಸಿದ್ದೆಯಲ್ಲ, ಅದೇ ತಾನೇ? ಕತ್ತರಿಸೋವಾಗ ನೆಟ್ಟಗೆ ಕತ್ತರಿಸಿದ್ದೆ, ತೇಪೆ ಹಾಕೋಕೆ ಮಾತ್ರ ಬರಲ್ಲ. ಬಿಚ್ಚಿ ಹೊಲಿ."

ನಲವತ್ತು ವರ್ಷದಿಂದ ಆ ಬಾಯಿಂದ ಬಂದ ತಪ್ಪುಗಳಿಗೆಲ್ಲ ಅವಳು ಮನಸ್ಸಿನಲ್ಲೇ ಬೈದುಕೊಂಡು, ಮನೆಗೆ ಹೋಗಿ, ಮುಖ ಗಂಟು ಹಾಕಿಕೊಂಡು ಬಿಚ್ಚಿ ಹೊಲಿದಿದ್ದಳು. ಈಗ ಅಕ್ಕನ ಪಕ್ಕದಲ್ಲಿ ನಿಂತು ಗಲ್ಲದ ಮೇಲೆ ಇಳಿಯುತ್ತಿದ್ದದ್ದನ್ನು ತೋಳಿನಿಂದ ಒರೆಸಿಕೊಂಡಳು.

"ಬಿಚ್ಚಲ್ಲ, ಹೋಗು" ಎಂದಳು. "ನೋಡ್ತಾ ಇರು."

ಅಕ್ಕ ನೋಡುತ್ತ ನಿಂತಳು, ಬೈಯುತ್ತಲೂ ಇದ್ದಳು.